ಹಳೆಯ ಕಾರಿನ ಎಟಿಎಫ್ ಸಿಗದಿದ್ದಾಗ ಬದಲಿಗೆ ಯಾವುದನ್ನು ಹಾಕಬಹುದು?

"ಡಿಪ್‌ಸ್ಟಿಕ್ ಮೇಲೆ ಡೆಕ್ಸ್ರಾನ್ 2 ಎಂದಿದೆ, ಅಂಗಡಿಯಲ್ಲಿ ಇರುವುದು ಡೆಕ್ಸ್ರಾನ್ 6 ಮಾತ್ರ. ಹಾಕಲೇ, ಬೇಡವೇ?" ಹಳೆಯ ಆಟೋಮ್ಯಾಟಿಕ್ ಕಾರು ಇಟ್ಟುಕೊಂಡವರು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಇದೇ ಧಾಟಿಯವು. ಕಾರಿನ ಹೆಸರು ಬದಲಾಗುತ್ತದೆ, ಡಬ್ಬಿಯ ಹೆಸರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಅದೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಇಡೀ ದಾರಿಯನ್ನು ಒಮ್ಮೆ ಬರೆದಿಡುತ್ತೇನೆ.

ಎಟಿಎಫ್ ಎಂದರೆ ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್, ಅಂದರೆ ತಾನಾಗಿ ಗೇರ್ ಬದಲಿಸುವ ಗೇರ್‌ಬಾಕ್ಸ್‌ನೊಳಗಿನ ಎಣ್ಣೆ. ಡೆಕ್ಸ್ರಾನ್ ಅದರ ಒಂದು ಬಗೆ, ಡಿಪ್‌ಸ್ಟಿಕ್ ಅದರ ಮಟ್ಟ ನೋಡುವ ಕಡ್ಡಿ. ಇಲ್ಲಿ ಹೇಳುವುದೆಲ್ಲ ಎಂಜಿನ್‌ನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಸಾಂಪ್ರದಾಯಿಕ ಆಟೋಮ್ಯಾಟಿಕ್‌ಗಳಿಗೆ ಮಾತ್ರ ಅನ್ವಯಿಸುತ್ತದೆ. ನಿಮ್ಮದು ಲೋಹದ ಪಟ್ಟಿಯ ಮೇಲೆ ನಡೆಯುವ ಸಿವಿಟಿ ಅಥವಾ ಜೋಡಿ ಕ್ಲಚ್‌ನ ಡಿಸಿಟಿ ಆಗಿದ್ದರೆ ಅವುಗಳ ಎಣ್ಣೆಯೇ ಬೇರೆ. ಸಿವಿಟಿಗೆ ಮಾಮೂಲಿ ಎಟಿಎಫ್ ಹಾಕಿದರೆ ಪಟ್ಟಿ ಜಾರಿ ಪುಲ್ಲಿಯ ಮುಖ ಗೀರಿ ಹೋಗುತ್ತದೆ. ಅಲ್ಲಿ ಬದಲಿಯ ಮಾತೇ ಇಲ್ಲ.

ಮೊದಲು ಒಂದು ಮಾತು: ಬಣ್ಣ ನೋಡಿ ಮೋಸಹೋಗಬೇಡಿ

ಎಟಿಎಫ್ ಕೆಂಪಗಿರುವುದು ಅದಕ್ಕೆ ಬಣ್ಣ ಬೆರೆಸಿರುವುದರಿಂದ. ನೆಲದ ಮೇಲೆ ಸೋರಿದ್ದು ಎಂಜಿನ್ ಆಯಿಲೋ ಗೇರ್‌ಬಾಕ್ಸ್ ಎಣ್ಣೆಯೋ ಎಂದು ಗುರುತಿಸಲು ಆ ಬಣ್ಣ ನೆರವಾಗುತ್ತದೆ, ಅಷ್ಟೇ. ಒಂದಕ್ಕೊಂದು ಸ್ವಲ್ಪವೂ ಹೊಂದದ ಎರಡು ಎಣ್ಣೆಗಳು ಒಂದೇ ಕೆಂಪಿನಲ್ಲಿ ಇರಬಹುದು. ಇನ್ನು ಝಡ್‌ಎಫ್ ಕಂಪನಿಯ ಹಳೆಯ ಐದು ಗೇರ್‌ಗಳ ಪೆಟ್ಟಿಗೆಗಳಿಗೆ ಬರುತ್ತಿದ್ದ ಎಸ್ಸೋ ಎಲ್‌ಟಿ 71141 ಹಳದಿ ಬಣ್ಣದ್ದು. ಕ್ರೈಸ್ಲರ್‌ನ ಎಟಿಎಫ್+4 ಎಣ್ಣೆಯಲ್ಲಿರುವ ಬಣ್ಣವಂತೂ ಬೇಗ ಮಾಸುತ್ತದೆ. ಒಳ್ಳೆಯ ಸ್ಥಿತಿಯಲ್ಲಿರುವಾಗಲೇ ಕಂದಾಗಿ ಕಾಣುವುದರಿಂದ, "ಎಣ್ಣೆ ಸುಟ್ಟಿದೆ" ಎಂದು ಗಾಬರಿಯಾಗುವವರು ಅನೇಕರು.

ಹಾಗಾದರೆ ಎಣ್ಣೆಗಳ ನಡುವಿನ ನಿಜವಾದ ವ್ಯತ್ಯಾಸ ಎಲ್ಲಿದೆ? ಎರಡು ಕಡೆ. ಮೊದಲನೆಯದು ಸ್ನಿಗ್ಧತೆ, ಅಂದರೆ ಎಣ್ಣೆಯ ಮಂದತನ. ಎರಡನೆಯದು, ಹೆಚ್ಚು ಮುಖ್ಯವಾದದ್ದು, ಕ್ಲಚ್ ಹಿಡಿಯುವಾಗ ಆ ಎಣ್ಣೆ ತೋರುವ ಘರ್ಷಣೆಯ ಗುಣ.

ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನೊಳಗೆ ಕಾಗದದಂತಹ ಲೈನಿಂಗ್ ಅಂಟಿಸಿದ ತಟ್ಟೆಗಳೂ ಬರಿಯ ಉಕ್ಕಿನ ತಟ್ಟೆಗಳೂ ಒಂದರ ಪಕ್ಕ ಒಂದು ಎಣ್ಣೆಯಲ್ಲಿ ಮುಳುಗಿ ಕುಳಿತಿರುತ್ತವೆ. ಎಣ್ಣೆಯ ಒತ್ತಡ ಅವನ್ನು ಒತ್ತಿದಾಗ, ಬೇರೆ ಬೇರೆ ವೇಗದಲ್ಲಿ ತಿರುಗುತ್ತಿದ್ದ ತಟ್ಟೆಗಳು ಸ್ವಲ್ಪ ಹೊತ್ತು ಉಜ್ಜಿಕೊಂಡು ಕೊನೆಗೆ ಒಂದಾಗಿ ತಿರುಗುತ್ತವೆ. ನಿಮಗೆ ಗೇರ್ ಬದಲಾದಂತೆ ಅನಿಸುವುದು ಆ ಅರೆಕ್ಷಣದ ಕೆಲಸ. ಹಿಡಿತ ಕೊನೆಗೊಳ್ಳುವ ಘಳಿಗೆಯಲ್ಲಿ ಘರ್ಷಣೆ ಏರುತ್ತದೆಯೋ ಇಳಿಯುತ್ತದೆಯೋ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಫೋರ್ಡ್‌ನ ಹಳೆಯ ಟೈಪ್ ಎಫ್ ಎಣ್ಣೆಯಲ್ಲಿ ಜಾರುವಿಕೆ ಕಡಿಮೆಯಾದಂತೆ ಘರ್ಷಣೆ ಏರುತ್ತದೆ. ಹಾಗಾಗಿ ಕ್ಲಚ್ ಕೊನೆಯಲ್ಲಿ ಗಕ್ಕನೆ ಕಚ್ಚಿಕೊಳ್ಳುತ್ತದೆ. ಜನರಲ್ ಮೋಟಾರ್ಸ್‌ನ ಡೆಕ್ಸ್ರಾನ್‌ನಲ್ಲಿ ಘರ್ಷಣೆಯನ್ನು ಪಳಗಿಸುವ ರಾಸಾಯನಿಕ ಸೇರಿರುತ್ತದೆ, ಅದಕ್ಕೆ ಫ್ರಿಕ್ಷನ್ ಮಾಡಿಫೈಯರ್ ಎಂದು ಹೆಸರು. ಅದರಿಂದ ಕೊನೆಯ ಘಳಿಗೆಯಲ್ಲಿ ಘರ್ಷಣೆ ಇಳಿದು ಹಿಡಿತ ಮೆತ್ತಗಾಗುತ್ತದೆ. ಗೇರ್‌ಬಾಕ್ಸ್ ರೂಪಿಸಿದವರು ತಟ್ಟೆಗಳ ಸಂಖ್ಯೆ, ಲೈನಿಂಗ್, ಒತ್ತಡ ಎಲ್ಲವನ್ನೂ ಈ ಎರಡರಲ್ಲಿ ಒಂದನ್ನು ಮನಸ್ಸಿನಲ್ಲಿಟ್ಟುಕೊಂಡೇ ಲೆಕ್ಕ ಹಾಕಿರುತ್ತಾರೆ. ಟೈಪ್ ಎಫ್ ಬೇಕಾದ ಕಡೆ ಡೆಕ್ಸ್ರಾನ್ ಹಾಕಿದರೆ ಕ್ಲಚ್ ಬೇಕಾದುದಕ್ಕಿಂತ ಹೆಚ್ಚು ಹೊತ್ತು ಜಾರುತ್ತದೆ, ಬಿಸಿಯಾಗುತ್ತದೆ, ಲೈನಿಂಗ್ ನಿಧಾನವಾಗಿ ಸುಡುತ್ತದೆ. ಕಾರು ಅಂದು ಮಾತ್ರ ಬಹಳ ನಯವಾಗಿ ಓಡುತ್ತದೆ, ಅದೇ ಅಪಾಯ. ತಿರುಗುಮುರುಗಾಗಿ ಹಾಕಿದರೆ ಪ್ರತಿ ಗೇರ್‌ಗೂ ಬೆನ್ನಿಗೆ ಗುದ್ದಿದಂತಾಗುತ್ತದೆ.

1980ರ ದಶಕದಿಂದೀಚಿನ ಬಹುತೇಕ ಕಾರುಗಳಲ್ಲಿ ಇನ್ನೊಂದು ತೊಡಕಿದೆ, ಲಾಕಪ್ ಕ್ಲಚ್. ಸಮವೇಗದಲ್ಲಿ ಓಡುವಾಗ ಟಾರ್ಕ್ ಕನ್ವರ್ಟರನ್ನು ಗಟ್ಟಿಯಾಗಿ ಬಂಧಿಸಿ ಇಂಧನ ಉಳಿಸುವ ಕ್ಲಚ್ ಇದು. ಭಾರದ ಮರದ ಪೆಟ್ಟಿಗೆಯನ್ನು ನೆಲದ ಮೇಲೆ ಎಳೆದು ನೋಡಿದ್ದೀರಲ್ಲವೇ? ಒಂದಿಷ್ಟು ಸರಿಯುತ್ತದೆ, ಕಚ್ಚಿ ನಿಲ್ಲುತ್ತದೆ, ಮತ್ತೆ ಸರಿಯುತ್ತದೆ. ಎಣ್ಣೆಯ ಘರ್ಷಣೆ ಹೊಂದದಿದ್ದರೆ ಲಾಕಪ್ ಕ್ಲಚ್ ಸೆಕೆಂಡಿಗೆ ಹಲವಾರು ಬಾರಿ ಹೀಗೆಯೇ ಮಾಡುತ್ತದೆ. ರಸ್ತೆಯಂಚಿನ ಉಬ್ಬುಗೆರೆಗಳ ಮೇಲೆ ಚಕ್ರ ಹತ್ತಿದಂತೆ ಇಡೀ ಕಾರು ನಡುಗುತ್ತದೆ. ಮೆಕ್ಯಾನಿಕ್‌ಗಳು ಇದಕ್ಕೆ ಶಡರ್ ಎನ್ನುತ್ತಾರೆ.

ಈಗ ಹಂತಗಳಿಗೆ ಬರೋಣ. ಎಣ್ಣೆ ಕೆಳಗಿಳಿಸುವುದು ಐದನೆಯ ಹಂತದಲ್ಲಿ ಬರುತ್ತದೆ, ಅದಕ್ಕೂ ಮೊದಲು ಪ್ಲಗ್‌ಗೆ ಸ್ಪ್ಯಾನರ್ ತಾಗಿಸಬೇಡಿ.

1. ಗೇರ್‌ಬಾಕ್ಸ್ ಯಾವುದು ಎಂದು ಖಚಿತಪಡಿಸಿಕೊಳ್ಳಿ

ಎಣ್ಣೆ ಬೇಕಾಗಿರುವುದು ಗೇರ್‌ಬಾಕ್ಸ್‌ಗೆ. ಕಾರಿನ ಮಾದರಿಯ ಹೆಸರಿನಿಂದ ಅರ್ಧ ಉತ್ತರವಷ್ಟೇ ಸಿಗುತ್ತದೆ. ಒಂದೇ ಮಾದರಿಗೆ ಒಂದೇ ವರ್ಷದಲ್ಲಿ ಎರಡು ಬಗೆಯ ಗೇರ್‌ಬಾಕ್ಸ್ ಬಂದಿರುವುದುಂಟು. ಮೂವತ್ತು ನಲವತ್ತು ವರ್ಷದ ಕಾರಾದರೆ ಹಿಂದಿನ ಮಾಲೀಕ ಪೆಟ್ಟಿಗೆಯನ್ನೇ ಬದಲಿಸಿರಬಹುದು. ಡಿಪ್‌ಸ್ಟಿಕ್ ಕೂಡ ಬೇರೆ ಕಾರಿನದ್ದಾಗಿರಬಹುದು. ಆದ್ದರಿಂದ ಮೂರು ಕಡೆ ನೋಡಿ: ಮಾಲೀಕರ ಕೈಪಿಡಿ, ಡಿಪ್‌ಸ್ಟಿಕ್ ಮೇಲಿನ ಬರಹ, ಗೇರ್‌ಬಾಕ್ಸ್‌ನ ಮೇಲೆ ಅಂಟಿಸಿದ ಅಥವಾ ಕೊರೆದ ಸಂಕೇತ. ಮೂರೂ ಒಂದೇ ಮಾತು ಹೇಳಿದರೆ ನೆಮ್ಮದಿ. ಇಲ್ಲದಿದ್ದರೆ ಪೆಟ್ಟಿಗೆಯ ಮೇಲಿನ ಸಂಕೇತವನ್ನೇ ನಂಬಿ. ಪ್ಯಾನ್, ಅಂದರೆ ಗೇರ್‌ಬಾಕ್ಸ್‌ನ ತಳದ ತಟ್ಟೆ, ಅದರ ಆಕಾರವೂ ಬೋಲ್ಟ್‌ಗಳ ಸಂಖ್ಯೆಯೂ ಹಳೆಯ ಪೆಟ್ಟಿಗೆಗಳನ್ನು ಗುರುತಿಸಲು ಚೆನ್ನಾಗಿ ನೆರವಾಗುತ್ತವೆ.

2. ಈಗ ಒಳಗಿರುವ ಎಣ್ಣೆಯನ್ನು ನೋಡಿ

ಡಿಪ್‌ಸ್ಟಿಕ್ ಎಳೆದು ಒಂದೆರಡು ತೊಟ್ಟನ್ನು ಬಿಳಿಯ ಕಾಗದದ ಮೇಲೆ ಬಿಡಿ. ಮೂಸಿ ನೋಡಿ. ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ.

ಮಾಸಲು ಕೆಂಪು ಅಥವಾ ತಿಳಿ ಕಂದಾಗಿದ್ದು, ವಾಸನೆ ಸಪ್ಪೆಯಾಗಿದ್ದರೆ ಚಿಂತೆಯಿಲ್ಲ. ಕಪ್ಪಾಗಿ, ಸುಟ್ಟ ವಾಸನೆ ಬಂದು, ಬೆರಳಿಗೆ ನುಣ್ಣನೆಯ ಮಸಿ ಅಂಟಿದರೆ ಅದು ಕ್ಲಚ್ ಲೈನಿಂಗ್‌ನ ಪುಡಿ. ಅಂತಹ ಪೆಟ್ಟಿಗೆಗೆ ಯಾವ ಎಣ್ಣೆ ಹಾಕಿದರೂ ಸವೆದ ಲೈನಿಂಗ್ ಮರಳಿ ಬರುವುದಿಲ್ಲ. ಆಗಲೇ ಜಾರುತ್ತಿರುವ ಗೇರ್‌ಬಾಕ್ಸ್‌ಗೆ ಹೊಸ ಎಣ್ಣೆ ಹಾಕಿದ ವಾರದಲ್ಲೇ ಅದು ಪೂರ್ತಿ ಕೈಕೊಟ್ಟರೆ, ಜನ ಎಣ್ಣೆಯನ್ನು ಬಯ್ಯುತ್ತಾರೆ. ಅದು ಎಣ್ಣೆ ಹಾಕುವ ಮೊದಲೇ ಮುಗಿದಿತ್ತು.

ಗುಲಾಬಿ ಬಣ್ಣದ ಹಾಲಿನಂತೆ ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ. ರೇಡಿಯೇಟರ್‌ನೊಳಗಿನ ಎಣ್ಣೆ ಕೂಲರ್ ತೂತಾಗಿ ಕೂಲಂಟ್ ಬೆರೆತಿದೆ ಎಂದರ್ಥ. ಕ್ಲಚ್ ಲೈನಿಂಗ್‌ನ ಅಂಟನ್ನು ನೀರು ಬಿಡಿಸುತ್ತದೆ. ಕಾರನ್ನು ಓಡಿಸದೆ ಎಳೆಸಿಕೊಂಡು ಹೋಗಿ.

ಇನ್ನೊಂದು ವಿಚಿತ್ರ ದೂರು: ಎಣ್ಣೆ ಕಡಿಮೆಯಾಗುತ್ತಲೇ ಇರುತ್ತದೆ, ನೆಲದ ಮೇಲೆ ಒಂದು ಹನಿಯೂ ಇಲ್ಲ. ಹಳೆಯ ಗೇರ್‌ಬಾಕ್ಸ್‌ಗಳಲ್ಲಿ ಎಂಜಿನ್‌ನ ನಿರ್ವಾತದಿಂದ ಕೆಲಸ ಮಾಡುವ ವ್ಯಾಕ್ಯೂಮ್ ಮಾಡ್ಯುಲೇಟರ್ ಎಂಬ ಪುಟ್ಟ ಡಬ್ಬಿ ಇರುತ್ತದೆ. ಅದರೊಳಗಿನ ಪೊರೆ ಹರಿದರೆ ಎಂಜಿನ್ ಎಟಿಎಫನ್ನು ಹೀರಿ ಸುಟ್ಟು ಬಿಳಿ ಹೊಗೆಯಾಗಿ ಬಿಡುತ್ತದೆ. ಮಾಡ್ಯುಲೇಟರ್‌ನ ರಬ್ಬರ್ ಕೊಳವೆ ಕಳಚಿ ನೋಡಿ. ಒಳಗೆ ಎಣ್ಣೆ ಇದ್ದರೆ ಕಳ್ಳ ಸಿಕ್ಕಿದ.

3. ಕುಟುಂಬ ಗುರುತಿಸಿ, ಬದಲಿ ಆರಿಸಿ

ಇದೇ ಲೇಖನದ ತಿರುಳು. ಎಟಿಎಫ್‌ಗಳನ್ನು ಕುಟುಂಬಗಳಾಗಿ ನೋಡಿ. ಒಂದು ಕುಟುಂಬದೊಳಗೆ ಹಳೆಯದರ ಬದಲು ಹೊಸದನ್ನು ಹಾಕಲು ಆ ತಯಾರಕರೇ ಒಪ್ಪಿದ್ದರೆ ಹಾಕಬಹುದು. ಒಪ್ಪಿಲ್ಲದಿದ್ದರೆ ಇಲ್ಲ. ಹೊಸದರ ಬದಲು ಹಳೆಯದನ್ನು ಹಾಕುವುದು ಎಂದಿಗೂ ಸಲ್ಲದು. ಕೆಳಗೆ ಹೇಳಿದ ಕಡೆ ಬಿಟ್ಟರೆ ಕುಟುಂಬ ದಾಟುವುದು ಇನ್ನೂ ಸಲ್ಲದು.

ಜನರಲ್ ಮೋಟಾರ್ಸ್. 1949ರ ಟೈಪ್ ಎ, 1957ರ ಟೈಪ್ ಎ ಸಫಿಕ್ಸ್ ಎ, 1967ರಲ್ಲಿ ಮೊದಲ ಡೆಕ್ಸ್ರಾನ್, ಆಮೇಲೆ 2, 3, 6. ಡಬ್ಬಿಯ ಮೇಲೆ ಇವು ರೋಮನ್ ಅಂಕಿಗಳಲ್ಲಿರುತ್ತವೆ. ಮೊದಲ ಡೆಕ್ಸ್ರಾನ್‌ವರೆಗೆ ಘರ್ಷಣೆ ಪಳಗಿಸಲು ಬಳಸುತ್ತಿದ್ದುದು ಸ್ಪರ್ಮ್ ತಿಮಿಂಗಿಲದ ಎಣ್ಣೆ! ಅಮೆರಿಕದಲ್ಲಿ ಅದಕ್ಕೆ ನಿಷೇಧ ಬಿದ್ದ ಮೇಲೆ 1973ರಲ್ಲಿ ಡೆಕ್ಸ್ರಾನ್ 2 ಬಂತು. ಹಾಗಾಗಿ 1960ರ ದಶಕದ ಕಾರಿಗೆ "ಮೂಲ ಎಣ್ಣೆಯೇ ಬೇಕು" ಎಂದು ಹಟ ಹಿಡಿದು ಪ್ರಯೋಜನವಿಲ್ಲ, ಅದು ಸಿಗುವುದೂ ಇಲ್ಲ.

ಡೆಕ್ಸ್ರಾನ್ 6 ಬಂದದ್ದು 2005ರಲ್ಲಿ. ಹಿಂದಿನ ಎಲ್ಲ ಡೆಕ್ಸ್ರಾನ್‌ಗಳ ಬದಲಿಗೆ ಇದನ್ನು ಬಳಸಬಹುದು ಎಂದು ಕಂಪನಿಯೇ ಹೇಳುತ್ತದೆ. ಆದರೆ ಇಲ್ಲಿ ನನ್ನದೊಂದು ತಕರಾರಿದೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊಸ ಡೆಕ್ಸ್ರಾನ್ 3 ಎಣ್ಣೆಯ ಸ್ನಿಗ್ಧತೆ ಸಾಮಾನ್ಯವಾಗಿ 7 ಸೆಂಟಿಸ್ಟೋಕ್‌ಗಿಂತ ಮೇಲಿರುತ್ತದೆ. ಡೆಕ್ಸ್ರಾನ್ 6 ಹೊಸದಿದ್ದಾಗಲೇ 6.4 ದಾಟುವಂತಿಲ್ಲ. ತಯಾರಕರ ವಾದ ಸರಳ: ಹಳೆಯ ಎಣ್ಣೆ ಗೇರ್‌ಗಳ ನಡುವೆ ಅರೆದು ಅರೆದು ಬೇಗ ತೆಳ್ಳಗಾಗುತ್ತಿತ್ತು, ಹೊಸದು ತೆಳ್ಳಗೆ ಹುಟ್ಟಿದರೂ ಹಾಗೆಯೇ ಉಳಿಯುತ್ತದೆ. ಗಟ್ಟಿಮುಟ್ಟಾದ ಪೆಟ್ಟಿಗೆಯ ಮಟ್ಟಿಗೆ ಈ ವಾದ ಸರಿ. ಆದರೆ ಸೀಲ್‌ಗಳು ಗಡುಸಾಗಿ, ವಾಲ್ವ್‌ಗಳು ತಮ್ಮ ರಂಧ್ರದಲ್ಲಿ ಸಡಿಲವಾಗಿ ಕುಳಿತ ಹಳೆಯ ಪೆಟ್ಟಿಗೆಯಲ್ಲಿ ತೆಳ್ಳನೆಯ ಎಣ್ಣೆ ಎಲ್ಲ ಸಂದುಗಳಿಂದಲೂ ನುಸುಳುತ್ತದೆ, ಬಿಸಿಯಾದಾಗ ಒತ್ತಡ ಇಳಿಯುತ್ತದೆ. ಬಹಳ ಓಡಿದ ಕಾರಿಗೆ ನಾನು ಡೆಕ್ಸ್ರಾನ್ 3 ಮಟ್ಟದ ಎಣ್ಣೆಯನ್ನೇ ಹುಡುಕಿ ಎನ್ನುತ್ತೇನೆ. ಅದರ ಪರವಾನಗಿಯನ್ನು ಜನರಲ್ ಮೋಟಾರ್ಸ್ ನಿಲ್ಲಿಸಿರುವುದರಿಂದ ಇಂದು ಡಬ್ಬಿಯ ಮೇಲಿನ "ಡೆಕ್ಸ್ರಾನ್ 3" ಎಂಬ ಬರಹವನ್ನು ಕಂಪನಿ ಪರೀಕ್ಷಿಸಿ ಒಪ್ಪಿರುವುದಿಲ್ಲ. ನಂಬಿಕೆಗೆ ಬೇರೊಂದು ಗುರುತು ಬೇಕು. ಬಸ್ಸು ಲಾರಿಗಳಿಗೆ ಗೇರ್‌ಬಾಕ್ಸ್ ಮಾಡುವ ಆಲಿಸನ್ ಕಂಪನಿಯ ಟಿಇಎಸ್-389 ಅನುಮೋದನೆ ಅಂಥದ್ದು. ಅದು ಡೆಕ್ಸ್ರಾನ್ 3 ಮಟ್ಟದ ಎಣ್ಣೆಗೇ ಕೊಡುವ ಅನುಮೋದನೆ.

ಫೋರ್ಡ್. ಇಲ್ಲಿ ಎರಡು ಮನೆ. 1960, 70ರ ದಶಕಗಳ ಟೈಪ್ ಎಫ್ ಒಂದು, ಅದರ ನಂತರದ ಸಿಜೆ, ಮರ್ಕಾನ್, ಮರ್ಕಾನ್ 5 ಇನ್ನೊಂದು. ಸಿ6 ಎಂಬ ಒಂದೇ ಹೆಸರಿನ ಗೇರ್‌ಬಾಕ್ಸ್ 1976ರವರೆಗೆ ಟೈಪ್ ಎಫ್ ಬೇಡುತ್ತಿತ್ತು, 1977ರಿಂದ ಸಿಜೆ. ಒಳಗಿನ ಲೈನಿಂಗ್ ಬದಲಾದದ್ದೇ ಕಾರಣ. ಆದ್ದರಿಂದ ಹಳೆಯ ಸಿ6 ಪೆಟ್ಟಿಗೆಯನ್ನು ಯಾರಾದರೂ ಬಿಚ್ಚಿ ಹೊಸ ಲೈನಿಂಗ್ ಹಾಕಿದ್ದರೆ, ಈಗ ಯಾವ ಎಣ್ಣೆ ಬೇಕು ಎಂದು ಅವರನ್ನೇ ಕೇಳಬೇಕು. ಟೈಪ್ ಎಫ್ ಇಂದಿಗೂ ಮಾರಾಟದಲ್ಲಿದೆ, ಬದಲಿ ಹುಡುಕುವ ಅಗತ್ಯವೇ ಇಲ್ಲ. ಸಿಜೆ, ಮರ್ಕಾನ್ ಎಂದಿರುವಲ್ಲಿ ಮರ್ಕಾನ್ 5 ಹಾಕಬಹುದು. ಮರ್ಕಾನ್ ಎಲ್‌ವಿ ಬೇಡ, ಅದು ತೆಳು.

ಓಟದ ಕಾರಿನವರು ಬೇಕೆಂದೇ ಟೈಪ್ ಎಫ್ ಎಣ್ಣೆಯನ್ನು ಡೆಕ್ಸ್ರಾನ್ ಪೆಟ್ಟಿಗೆಗೆ ಹಾಕುವುದುಂಟು, ಗೇರ್ ಚುರುಕಾಗಿ ಬೀಳಲಿ ಎಂದು. ಅವರು ಆಗಾಗ ಪೆಟ್ಟಿಗೆ ಬಿಚ್ಚಿ ಕಟ್ಟುವವರು. ಅವರ ಉಪಾಯವನ್ನು ಲಾಕಪ್ ಕ್ಲಚ್ ಇರುವ ಮನೆಬಳಕೆಯ ಕಾರಿಗೆ ತರಬೇಡಿ.

ಕ್ರೈಸ್ಲರ್. 1960ರ ದಶಕದ ಟಾರ್ಕ್‌ಫ್ಲೈಟ್ ಪೆಟ್ಟಿಗೆಗಳು ಡೆಕ್ಸ್ರಾನ್ ಕುಟುಂಬದ ಎಣ್ಣೆಯನ್ನು ಗೊಣಗದೆ ಸ್ವೀಕರಿಸುತ್ತವೆ. ಆದರೆ 1989ರಲ್ಲಿ ಬಂದ ನಾಲ್ಕು ಗೇರ್‌ಗಳ ಎ604 ಮತ್ತು ಅದರ ನಂತರದವಕ್ಕೆ ಕ್ರೈಸ್ಲರ್‌ನದೇ ಎಣ್ಣೆ ಬೇಕು. ಅವಕ್ಕೆ ಡೆಕ್ಸ್ರಾನ್ ಹಾಕಿದರೆ ನಡುಕ ಕಟ್ಟಿಟ್ಟದ್ದು. ಇಂದು ಸುಲಭವಾಗಿ ಸಿಗುವುದು ಎಟಿಎಫ್+4. ಹಳೆಯ +2, +3 ಎಂದಿರುವ ಹೆಚ್ಚಿನ ಕಾರುಗಳಿಗೆ ಅದೇ ಸಲ್ಲುತ್ತದೆ.

ಟೊಯೋಟ. ಟಿ-4 ಮತ್ತು ಡಬ್ಲ್ಯುಎಸ್ ಎಂಬ ಎರಡು ಹೆಸರುಗಳ ನಡುವೆ ಆಗುವಷ್ಟು ಗೊಂದಲ ಬೇರೆಲ್ಲೂ ಆಗುವುದಿಲ್ಲ. ಡಬ್ಲ್ಯುಎಸ್ ಹೊಸದು, ಆದ್ದರಿಂದ ಟಿ-4 ಬದಲಿಗೆ ಹಾಕಬಹುದು ಎಂದು ಎಣಿಸುತ್ತಾರೆ. ಸಲ್ಲದು. ಡಬ್ಲ್ಯುಎಸ್ ಗಣನೀಯವಾಗಿ ತೆಳು, ಕಂಪನಿ ಅದನ್ನು ಟಿ-4ರ ಬದಲಿ ಎಂದು ಒಪ್ಪಿಲ್ಲ. ಟಿ-4 ಸಿಗದಿದ್ದರೆ ಜೆಡಬ್ಲ್ಯುಎಸ್ 3309 ಎಂದು ನಮೂದಿಸಿದ ಎಣ್ಣೆ ಹುಡುಕಿ. ಅದು ಐಸಿನ್ ಕಂಪನಿಯ ಗೇರ್‌ಬಾಕ್ಸ್‌ಗಳ ನಿರ್ದಿಷ್ಟತೆ, ಟಿ-4ರ ಇನ್ನೊಂದು ಹೆಸರೆಂದೇ ತಿಳಿಯಿರಿ. ಅದೇ ಐಸಿನ್ ಪೆಟ್ಟಿಗೆ ಇರುವ ಹಳೆಯ ವೋಲ್ವೋಗಳಿಗೂ ಇದೇ ಉತ್ತರ. ಇನ್ನೂ ಹಿಂದಿನ, ಡೆಕ್ಸ್ರಾನ್ 2 ಎಂದು ಬರೆದಿರುವ ಟೊಯೋಟಗಳಿಗೆ ಡೆಕ್ಸ್ರಾನ್ 3 ಮಟ್ಟದ ಎಣ್ಣೆ ಸಾಕು.

ಹೋಂಡ. ಹಳೆಯ ಝಡ್-1 ಬದಲಿಗೆ ಡಿಡಬ್ಲ್ಯು-1. ಕಂಪನಿಯೇ ಒಪ್ಪಿದೆ, ಯೋಚಿಸಬೇಡಿ.

ಮಿತ್ಸುಬಿಷಿ, ಹ್ಯುಂಡೈ, ಕಿಯಾ. ಎಸ್‌ಪಿ-3 ಬೇಕಾದಲ್ಲಿ ಎಸ್‌ಪಿ-3 ಎಣ್ಣೆಯನ್ನೇ ಹಾಕಿ. ಎಸ್‌ಪಿ-4 ಅದರ ಮುಂದುವರಿಕೆ ಎಂದು ಹೆಸರು ನೋಡಿ ಅನಿಸಿದರೂ ಹಾಗಲ್ಲ, ಅದು ತೆಳ್ಳನೆಯ ಬೇರೆ ಎಣ್ಣೆ. ನಿಸಾನ್‌ನ ಮ್ಯಾಟಿಕ್ ಡಿ ಬೇಕಾದಲ್ಲಿ ಡೆಕ್ಸ್ರಾನ್ 3 ಮಟ್ಟದ್ದು ನಡೆಯುತ್ತದೆ. ಮ್ಯಾಟಿಕ್ ಜೆ, ಎಸ್ ವಿಷಯದಲ್ಲಿ ಆ ಸಲುಗೆ ಇಲ್ಲ. ಮರ್ಸಿಡಿಸ್ ತನ್ನ ಎಣ್ಣೆಗಳಿಗೆ 236 ಎಂದು ಶುರುವಾಗುವ ಸಂಖ್ಯೆ ಕೊಡುತ್ತದೆ. 236.10 ಬೇಡುವ ಐದು ಗೇರ್‌ಗಳ ಪೆಟ್ಟಿಗೆಗೆ 236.14 ಸಲ್ಲುತ್ತದೆ.

4. ಡಬ್ಬಿಯ ಹಿಂಬದಿ ಓದಿ

ಮುಂಬದಿ ಜಾಹೀರಾತು, ಹಿಂಬದಿ ಒಪ್ಪಂದ. ಹಿಂಬದಿಯಲ್ಲಿ ಎರಡು ಬಗೆಯ ಮಾತುಗಳಿರುತ್ತವೆ. "ಪರವಾನಗಿ ಪಡೆದಿದೆ" ಅಥವಾ "ಅನುಮೋದಿತ" ಎಂದಿದ್ದರೆ ಕಾರು ಅಥವಾ ಗೇರ್‌ಬಾಕ್ಸ್ ತಯಾರಕರು ಆ ಎಣ್ಣೆಯನ್ನು ಪರೀಕ್ಷಿಸಿ ಒಪ್ಪಿದ್ದಾರೆ. ಡೆಕ್ಸ್ರಾನ್ 6 ಆದರೆ ಜೆ ಅಕ್ಷರದಿಂದ ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. "ಬಳಕೆಗೆ ಸೂಕ್ತ" ಅಥವಾ "ಶಿಫಾರಸು ಮಾಡುತ್ತೇವೆ" ಎಂದಿದ್ದರೆ ಅದು ಎಣ್ಣೆ ಮಾರುವವರ ಸ್ವಂತ ಅಭಿಪ್ರಾಯ. ಅಭಿಪ್ರಾಯ ಸರಿಯಾಗಿಯೂ ಇರಬಹುದು, ಆದರೆ ಕ್ಲಚ್ ಸುಟ್ಟರೆ ನಷ್ಟ ನಿಮ್ಮದು.

ಎಲ್ಲ ಕಾರಿಗೂ ಹೊಂದುತ್ತದೆ ಎನ್ನುವ ಬಹುವಾಹನ ಎಣ್ಣೆಗಳ ಬಗ್ಗೆ ಕೇಳುತ್ತೀರಿ. ನಾಮಾಂಕಿತ ತಯಾರಕರ ಒಳ್ಳೆಯ ಬಹುವಾಹನ ಎಣ್ಣೆ ಡೆಕ್ಸ್ರಾನ್ 3, ಟಿ-4, ಎಸ್‌ಪಿ-3 ಬಗೆಯ ನೆರೆಹೊರೆಯ ಎಣ್ಣೆಗಳಿಗೆ ಚೆನ್ನಾಗಿಯೇ ಹೊಂದುತ್ತದೆ. ಈ ಮೂರೂ ಸುಮಾರಾಗಿ ಒಂದೇ ಮಂದತನದವು. ಜಪಾನಿನ ಜೇಸೋ ಸಂಸ್ಥೆಯ 1ಎ ಎಂಬ ಗುರುತು ಅಂಥ ಡಬ್ಬಿಗಳ ಮೇಲೆ ಸಾಮಾನ್ಯ. ಆದರೆ ಒಂದೇ ಡಬ್ಬಿ ಟಿ-4 ಎಣ್ಣೆಯೂ ಹೌದು, ಡಬ್ಲ್ಯುಎಸ್ ಎಣ್ಣೆಯೂ ಹೌದು, ಟೈಪ್ ಎಫ್ ಎಣ್ಣೆಯೂ ಹೌದು, ಜೊತೆಗೆ ಸಿವಿಟಿಗೂ ಆದೀತು ಎಂದರೆ ಅದನ್ನು ಕಪಾಟಿನಲ್ಲೇ ಬಿಟ್ಟು ಬನ್ನಿ.

ಬೇರೆ ಎಣ್ಣೆಗೆ ಪುಟ್ಟ ಬಾಟಲಿಯ ರಾಸಾಯನಿಕ ಸೇರಿಸಿ ಬೇಕಾದ ಎಣ್ಣೆಯಾಗಿ ಮಾರ್ಪಡಿಸುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಸಣ್ಣ ಶಡರ್ ತಗ್ಗಿಸಲು ಅಂಥವು ಒಮ್ಮೊಮ್ಮೆ ನೆರವಾಗುತ್ತವೆ. ಸರಿಯಾದ ಎಣ್ಣೆ ಸಿಗುವಾಗ ಅಡುಗೆಮನೆಯ ರಸಾಯನಶಾಸ್ತ್ರ ಏಕೆ?

5. ಹಳೆಯ ಎಣ್ಣೆ ಇಳಿಸಿ

ಬೇಕಾದವು: ಸ್ಟ್ಯಾಂಡ್‌ಗಳು, ಅಗಲ ಬಾಯಿಯ ತಟ್ಟೆ, ಹೊಸ ಫಿಲ್ಟರ್, ಪ್ಯಾನ್ ಗ್ಯಾಸ್ಕೆಟ್, ಟಾರ್ಕ್ ರೆಂಚ್, ಉದ್ದ ಕೊಳವೆಯ ಲಾಳಿಕೆ, ಅಳತೆ ಗುರುತಿರುವ ಪಾತ್ರೆ, ಎಳೆ ಬಿಡದ ಬಟ್ಟೆ. ಬರಿಯ ಜ್ಯಾಕ್ ಮೇಲೆ ನಿಂತ ಕಾರಿನಡಿಗೆ ತಲೆ ಹಾಕಬೇಡಿ. ಎಣ್ಣೆ ಉಗುರುಬೆಚ್ಚಗಿದ್ದರೆ ಸಾಕು, ಓಡಿಸಿದ ಕೂಡಲೇ ಬಿಚ್ಚಿದರೆ ಕೈ ಸುಡುತ್ತದೆ.

ಡ್ರೇನ್ ಪ್ಲಗ್ ಇಲ್ಲದ ಹಳೆಯ ಪ್ಯಾನ್‌ಗಳೇ ಹೆಚ್ಚು. ಒಂದು ಬದಿಯ ಬೋಲ್ಟ್‌ಗಳನ್ನು ಪೂರ್ತಿ ತೆಗೆದು ಎದುರು ಬದಿಯವನ್ನು ಸಡಿಲಿಸಿ, ಪ್ಯಾನ್ ವಾಲಿದಂತೆ ಎಣ್ಣೆ ಆ ಅಂಚಿನಿಂದ ಇಳಿಯುತ್ತದೆ. ಪ್ಯಾನ್‌ನ ತಳದ ಆಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆಯ ಕೆಸರು ಇರುವುದು ಸಹಜ. ಬೆರಳಿಗೆ ಚುಚ್ಚುವ ಲೋಹದ ಚೂರುಗಳು, ಹಿತ್ತಾಳೆ ಬಣ್ಣದ ಹೊಳಪು ಸಹಜವಲ್ಲ.

ಇಳಿದ ಎಣ್ಣೆಯನ್ನು ಅಳೆಯಿರಿ. ಇದನ್ನು ಬಹುತೇಕರು ಮರೆಯುತ್ತಾರೆ. ಎಷ್ಟು ಇಳಿಯಿತೋ ಸುಮಾರು ಅಷ್ಟೇ ತುಂಬಬೇಕು.

ಪ್ಯಾನ್ ಬರಿದಾಯಿತು ಎಂದರೆ ಗೇರ್‌ಬಾಕ್ಸ್ ಬರಿದಾಯಿತು ಎಂದಲ್ಲ. ಟಾರ್ಕ್ ಕನ್ವರ್ಟರ್‌ನಲ್ಲಿ, ಕೂಲರ್ ಕೊಳವೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ ಉಳಿದಿರುತ್ತದೆ. ಒಟ್ಟು 8 ಲೀಟರ್ ಹಿಡಿಯುವ ಪೆಟ್ಟಿಗೆಯಿಂದ 3.5 ಲೀಟರ್ ಇಳಿಯಿತು ಎನ್ನಿ. ಒಮ್ಮೆ ಬದಲಿಸಿದ ಮೇಲೆ ಶೇಕಡ 56ರಷ್ಟು ಹಳೆಯದೇ ಉಳಿದಿರುತ್ತದೆ. ನಡುವೆ ಸ್ವಲ್ಪ ಓಡಿಸಿ ಎರಡನೆಯ ಸಲ ಬದಲಿಸಿದರೆ 32, ಮೂರನೆಯ ಸಲ 18. ಎಣ್ಣೆಯ ಬಗೆಯನ್ನೇ ಬದಲಿಸುತ್ತಿರುವವರು ಈ ಲೆಕ್ಕವನ್ನು ಗಮನಿಸಬೇಕು. ಒಂದೇ ಸಲ ಪ್ಯಾನ್ ಇಳಿಸಿ ತುಂಬಿದರೆ ನಿಮ್ಮಲ್ಲಿರುವುದು ಹಳೆಯದೂ ಅಲ್ಲದ ಹೊಸದೂ ಅಲ್ಲದ ಮಿಶ್ರಣ. ಒಂದೇ ಕುಟುಂಬದೊಳಗಿನ ಬದಲಾವಣೆಯಾದರೆ ಎರಡು ಸಲ ಸಾಕು. ತಪ್ಪು ಎಣ್ಣೆಯನ್ನು ಹೊರಹಾಕುತ್ತಿದ್ದರೆ ಮೂರು ಸಲವಾದರೂ ಬೇಕು. ಹಳೆಯ ಫೋರ್ಡ್, ಮರ್ಸಿಡಿಸ್‌ಗಳಲ್ಲಿ ಕೆಲವಕ್ಕೆ ಕನ್ವರ್ಟರ್‌ನಲ್ಲೇ ಡ್ರೇನ್ ಪ್ಲಗ್ ಇರುತ್ತದೆ. ಅಂಥದ್ದಿದ್ದರೆ ನಿಮ್ಮ ಪುಣ್ಯ, ಒಂದೇ ಸಲಕ್ಕೆ ಬಹುಪಾಲು ಇಳಿಯುತ್ತದೆ.

ಯಂತ್ರದಿಂದ ಒತ್ತಡ ಹಾಕಿ ತೊಳೆಯುವ ಫ್ಲಶ್ ವಿಧಾನವನ್ನು ವರ್ಷಗಟ್ಟಲೆ ಎಣ್ಣೆ ಕಾಣದ ಪೆಟ್ಟಿಗೆಗೆ ನಾನು ಒಪ್ಪುವುದಿಲ್ಲ. ಮೂಲೆಯಲ್ಲಿ ಕುಳಿತ ಕೆಸರು ಎದ್ದು ವಾಲ್ವ್‌ಗಳ ಕಿರಿದಾದ ದಾರಿಗಳಲ್ಲಿ ಸಿಕ್ಕಿಕೊಳ್ಳಬಹುದು. ಇಳಿಸುವುದು, ತುಂಬುವುದು ನಿಧಾನದ ದಾರಿಯಾದರೂ ಸುರಕ್ಷಿತ.

ಪ್ಯಾನ್ ಮರಳಿ ಕೂರಿಸುವಾಗ ಅಂಚನ್ನು ಒರೆಸಿ ಒಣಗಿಸಿ. ಕಾರ್ಕ್ ಗ್ಯಾಸ್ಕೆಟ್‌ಗೆ ಸಿಲಿಕೋನ್ ಅಂಟು ಬಳಿಯಬೇಡಿ, ಒಳಗೆ ಉದುರಿದ ಅಂಟಿನ ಎಳೆ ಫಿಲ್ಟರ್‌ಗೆ ಹೋಗುತ್ತದೆ. ಬೋಲ್ಟ್‌ಗಳನ್ನು ಎದುರುಬದುರಾಗಿ, ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿ ಮಾಡಿ. ಸಾಮಾನ್ಯವಾಗಿ 10ರಿಂದ 15 ನ್ಯೂಟನ್ ಮೀಟರ್‌ನ ಆಸುಪಾಸು, ಅಂದರೆ ಮಣಿಕಟ್ಟಿನ ಬಲ. ತೋಳಿನ ಬಲ ಹಾಕಿದರೆ ಪ್ಯಾನ್‌ನ ತುಟಿ ಸೊಟ್ಟಗಾಗಿ ಮುಂದೆ ಸೋರುತ್ತಲೇ ಇರುತ್ತದೆ.

6. ತುಂಬಿ, ಮಟ್ಟ ನೋಡಿ

ಇಳಿದದ್ದಕ್ಕಿಂತ ಅರ್ಧ ಲೀಟರ್ ಕಡಿಮೆ ತುಂಬಿ. ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿ ಹಿಡಿದು ಗೇರ್ ಕಡ್ಡಿಯನ್ನು ಪ್ರತಿ ಸ್ಥಾನದಲ್ಲೂ ಕೆಲವು ಸೆಕೆಂಡ್ ನಿಲ್ಲಿಸುತ್ತ ಎಲ್ಲದರ ಮೂಲಕ ಸಾಗಿಸಿ. ಹದಿನೈದು ಇಪ್ಪತ್ತು ನಿಮಿಷ ಓಡಿಸಿ ಎಣ್ಣೆ ಬಿಸಿಯಾದ ಮೇಲೆ, ಸಮತಟ್ಟಾದ ನೆಲದಲ್ಲಿ ಮಟ್ಟ ನೋಡಿ.

ಎಂಜಿನ್ ನಿಲ್ಲಿಸಿ ನೋಡಬೇಕೋ ಓಡುವಾಗಲೋ? ಹೆಚ್ಚಿನ ಕಾರುಗಳಲ್ಲಿ ಓಡುವಾಗ, ಪಾರ್ಕ್‌ನಲ್ಲಿ. ಹಳೆಯ ಕ್ರೈಸ್ಲರ್‌ಗಳಲ್ಲಿ ನ್ಯೂಟ್ರಲ್‌ನಲ್ಲಿ, ಏಕೆಂದರೆ ಅವುಗಳಲ್ಲಿ ಪಾರ್ಕ್‌ನಲ್ಲಿರುವಾಗ ಕನ್ವರ್ಟರ್‌ಗೆ ಎಣ್ಣೆ ತುಂಬುವುದಿಲ್ಲ. ಹೋಂಡಗಳಲ್ಲಿ ಬಿಸಿಯಾದ ಮೇಲೆ ಎಂಜಿನ್ ನಿಲ್ಲಿಸಿ, ಒಂದೂವರೆ ನಿಮಿಷದೊಳಗೆ. ಡಿಪ್‌ಸ್ಟಿಕ್ ಇಲ್ಲದ ಪೆಟ್ಟಿಗೆಗಳಿಗೆ ಹೊರಚೆಲ್ಲುವ ಪ್ಲಗ್ ಇರುತ್ತದೆ. ಎಣ್ಣೆಯ ನಿರ್ದಿಷ್ಟ ತಾಪಮಾನದಲ್ಲಿ ಅದನ್ನು ತೆಗೆದಾಗ ಸಣ್ಣ ಎಳೆಯಾಗಿ ಸುರಿದು ಹನಿಗೆ ಇಳಿಯಬೇಕು. ಥರ್ಮಾಮೀಟರ್ ಇಲ್ಲದೆ ಅದಕ್ಕೆ ಕೈ ಹಾಕಬೇಡಿ.

ಅನೇಕ ಡಿಪ್‌ಸ್ಟಿಕ್‌ಗಳಲ್ಲಿ ಕೆಳಗಿನ ಗೆರೆಗೂ ಮೇಲಿನ ಗೆರೆಗೂ ನಡುವೆ ಬರಿಯ ಅರ್ಧ ಲೀಟರ್ ಅಂತರ. ಎಂಜಿನ್ ಆಯಿಲ್‌ನ ಅಭ್ಯಾಸದಲ್ಲಿ ಒಂದು ಲೀಟರ್ ಸುರಿದುಬಿಟ್ಟರೆ ಹೆಚ್ಚಾಯಿತು. ಹೆಚ್ಚಾದ ಎಣ್ಣೆಯನ್ನು ತಿರುಗುವ ಗೇರ್‌ಗಳು ಕಡೆದು ನೊರೆ ಮಾಡುತ್ತವೆ. ಕಡಿಮೆಯಾದರೆ ಪಂಪು ಗಾಳಿ ಹೀರುತ್ತದೆ. ಎರಡರಲ್ಲೂ ಕ್ಲಚ್‌ಗೆ ಸಿಗುವುದು ಗಾಳಿ ಬೆರೆತ ಎಣ್ಣೆಯೇ, ಲಕ್ಷಣವೂ ಒಂದೇ: ಗೇರ್ ತಡವಾಗಿ, ಜಾರುತ್ತ ಬೀಳುವುದು.

7. ಓಡಿಸಿ, ಗಮನಿಸಿ

ಮೊದಲ ಕೆಲವು ನೂರು ಕಿಲೋಮೀಟರ್ ಕಿವಿ ತೆರೆದಿಟ್ಟುಕೊಂಡು ಓಡಿಸಿ. ಗಂಟೆಗೆ 50ರಿಂದ 80 ಕಿಲೋಮೀಟರ್ ವೇಗದಲ್ಲಿ, ಆಕ್ಸಿಲರೇಟರನ್ನು ಹಗುರಾಗಿ ಒತ್ತಿದಾಗ ಕಾರು ನಡುಗಿದರೆ ಲಾಕಪ್ ಕ್ಲಚ್‌ಗೆ ಎಣ್ಣೆ ಹಿಡಿಸಿಲ್ಲ. ಒಂದು ಪರೀಕ್ಷೆ: ನಡುಕ ಬಂದಾಗ ಬಲಗಾಲು ಆಕ್ಸಿಲರೇಟರ್ ಮೇಲೆ ಹಾಗೆಯೇ ಇರಲಿ, ಎಡಗಾಲಿನಿಂದ ಬ್ರೇಕನ್ನು ಮುಟ್ಟಿದೆಯೋ ಇಲ್ಲವೋ ಎನ್ನುವಷ್ಟು ಒತ್ತಿ. ಹಿಂದೆ ವಾಹನವಿಲ್ಲದ ನೇರ ರಸ್ತೆಯಲ್ಲಿ ಮಾತ್ರ ಇದನ್ನು ಮಾಡಿ. ಬ್ರೇಕ್ ಸ್ವಿಚ್ ಲಾಕಪ್ಪನ್ನು ಬಿಡಿಸುತ್ತದೆ. ನಡುಕ ಕೂಡಲೇ ನಿಂತರೆ ತಪ್ಪಿತಸ್ಥ ಅದೇ. ನಿಲ್ಲದಿದ್ದರೆ ಎಂಜಿನ್‌ನ ಕಿಡಿ ತಪ್ಪುತ್ತಿರಬಹುದು, ಸ್ಪಾರ್ಕ್ ಪ್ಲಗ್ ನೋಡಿ.

ಎಲ್ಲ ಗೇರ್‌ಗಳೂ ಜೋರಾಗಿ ಗುದ್ದುತ್ತಿದ್ದರೆ ಅಥವಾ ಬಹಳ ಬೇಗ, ಜೊಳ್ಳಾಗಿ ಬೀಳುತ್ತಿದ್ದರೆ ಎಣ್ಣೆಯನ್ನು ದೂರುವ ಮುನ್ನ ಥ್ರಾಟಲ್‌ನಿಂದ ಗೇರ್‌ಬಾಕ್ಸ್‌ಗೆ ಹೋಗುವ ಥ್ರಾಟಲ್ ಕೇಬಲ್ ನೋಡಿ. ಜನರಲ್ ಮೋಟಾರ್ಸ್‌ನ 700ಆರ್4 ಬಗೆಯ ಪೆಟ್ಟಿಗೆಗಳಲ್ಲಿ ಒಳಗಿನ ಒತ್ತಡವನ್ನು ನಿರ್ಧರಿಸುವುದು ಆ ಕೇಬಲ್. ಪ್ಯಾನ್ ಇಳಿಸುವಾಗ ಅದು ಸರಿದಿದ್ದರೆ ಅದೇ ಸ್ಥಿತಿಯಲ್ಲಿ ಓಡಿಸಬೇಡಿ, ಒತ್ತಡ ಕುಸಿದು ಕ್ಲಚ್‌ಗಳು ಬಹಳ ಬೇಗ ಸುಡುತ್ತವೆ.

ಕೆಲವು ವಾರಗಳಲ್ಲಿ ಶಾಫ್ಟ್ ಸೀಲ್‌ಗಳ ಬಳಿ ತೇವ ಕಾಣಿಸಿಕೊಂಡರೆ ಆಶ್ಚರ್ಯಪಡಬೇಡಿ. ಎಟಿಎಫ್‌ನಲ್ಲಿ ರಬ್ಬರನ್ನು ತುಸು ಉಬ್ಬಿಸಿ ಮೃದುವಾಗಿಡುವ ಅಂಶ ಇರುತ್ತದೆ. ಅದರ ಪ್ರಮಾಣ ಎಣ್ಣೆಯಿಂದ ಎಣ್ಣೆಗೆ ಬೇರೆ. ಹಳೆಯ ಗಡಸು ಸೀಲ್ ಹೊಸ ಎಣ್ಣೆಯಲ್ಲಿ ಕೊಂಚ ಕುಗ್ಗಿದರೆ ಸಾಕು, ಹನಿ ಶುರು. ಹನಿ ನಿಲ್ಲದಿದ್ದರೆ ಸೀಲ್ ಬದಲಿಸಿ.

ದಾರಿಯಲ್ಲಿ ಎಣ್ಣೆ ಕಡಿಮೆಯಾಗಿ ಸಿಕ್ಕಿಬಿದ್ದರೆ?

ಡಿಪ್‌ಸ್ಟಿಕ್ ಒಣಗಿದೆ, ಸರಿಯಾದ ಎಣ್ಣೆ ಹತ್ತಿರದಲ್ಲೆಲ್ಲೂ ಇಲ್ಲ, ಮನೆ ದೂರ. ಎಣ್ಣೆಯಿಲ್ಲದೆ ಓಡಿಸುವುದಕ್ಕಿಂತ ತಪ್ಪು ಎಟಿಎಫ್ ಅರ್ಧ ಲೀಟರ್ ಹಾಕಿ ನಿಧಾನವಾಗಿ ಮನೆ ಸೇರುವುದು ಮೇಲು. ಎಂಟು ಲೀಟರ್‌ನಲ್ಲಿ ಅರ್ಧ ಲೀಟರ್ ಬೇರೆ ಎಣ್ಣೆ ಬೆರೆತರೆ ಪೆಟ್ಟಿಗೆ ಅಂದೇ ಸಾಯುವುದಿಲ್ಲ. ಹಿಂದಿರುಗಿದ ಮೇಲೆ ಸರಿಯಾದ ಎಣ್ಣೆಯಿಂದ ಎರಡು ಸಲ ಇಳಿಸಿ ತುಂಬಿ. ಎಂಜಿನ್ ಆಯಿಲ್, ಬ್ರೇಕ್ ಆಯಿಲ್ ಮಾತ್ರ ಯಾವ ಸಂಕಟದಲ್ಲೂ ಬೇಡ. ಬ್ರೇಕ್ ಆಯಿಲ್ ಒಳಗಿನ ರಬ್ಬರನ್ನೆಲ್ಲ ಊದಿಸಿ ಮೆತ್ತಗೆ ಮಾಡುತ್ತದೆ. ತಪ್ಪಿ ಒಂದು ಗುಟುಕು ಹೋಗಿದ್ದರೂ ಎಂಜಿನ್ ಚಾಲೂ ಮಾಡದೆ ಎಣ್ಣೆ ಇಳಿಸಬೇಕು.

ಕೆಲಸ ಮುಗಿದ ಮೇಲೆ ಒಂದು ತಗಡಿನ ಚೀಟಿಯ ಮೇಲೆ ಹಾಕಿದ ಎಣ್ಣೆಯ ಹೆಸರು, ನಿರ್ದಿಷ್ಟತೆಯ ಸಂಖ್ಯೆ, ಎಷ್ಟು ಲೀಟರ್, ದಿನಾಂಕ, ಆಗ ಮೀಟರ್ ತೋರಿಸಿದ ಕಿಲೋಮೀಟರ್ ಗೀಚಿ ಡಿಪ್‌ಸ್ಟಿಕ್ ಕೊಳವೆಗೆ ತಂತಿಯಿಂದ ಕಟ್ಟಿ. ಕಾಗದವಾದರೆ ಎಣ್ಣೆ ಹೀರಿ ಒಂದು ವರ್ಷದಲ್ಲಿ ಓದಲಾಗದಂತಾಗುತ್ತದೆ.